ಪರಮಿ ಬಿಚ್ಚಿಕೊಟ್ಟ ಹತ್ತು ವರ್ಷ

ತುಂಬಾ ತುಂಬಾ ಹಿಂದೆ, ವರ್ಷಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಕಡಲು ದಿನಕ್ಕೆರಡು ಸಲ ಒಳಗೆ ಬಂದು ನೋಡಿಹೋಗುತ್ತಿದ್ದ ಒಂದು ಊರಿತ್ತು. ಕೇಳಿ ಮಕ್ಕಳೇ, ಆ ಊರಿಗೆ ಗದ್ದೆ ಇರಲಿಲ್ಲ, ತೋಟ ಇರಲಿಲ್ಲ. ಇದ್ದದ್ದು ಉಪ್ಪಿನ ಆಗರ ಒಂದೇ. ಭರತದಲ್ಲಿ ಉಕ್ಕಿ ಬಂದ ನೀರನ್ನು ಕಟ್ಟಿ ನಿಲ್ಲಿಸುವುದು, ಬಿಸಿಲಿಗೆ ಬಿಡುವುದು, ನೀರು ಹೋಗಿ ಉಪ್ಪು ಉಳಿದಾಗ ಹಲಗೆಯಿಂದ ಎಳೆದು ರಾಶಿ ಹಾಕುವುದು. ಬೆಳಗಿನ ಹೊತ್ತು ಆಗರದ ನೀರಿನಲ್ಲಿ ಆಕಾಶ ಇಡೀ ಮಲಗಿರುತ್ತಿತ್ತಂತೆ. ಹೆಂಗಸರು ಮೋಡದ ಮೇಲೆ ಕಾಲಿಟ್ಟು ಕೆಲಸಕ್ಕೆ ಇಳಿಯುತ್ತಿದ್ದರಂತೆ.

ಆ ಊರಲ್ಲಿ ಪರಮಿ ಅಂತ ಒಬ್ಬಳಿದ್ದಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ, ಹೆಣ್ಣುಮಕ್ಕಳಿಬ್ಬರು ಮದುವೆಯಾಗಿ ಹೋಗಿದ್ದರು. ಹಲಗೆ ಎಳೆದೂ ಎಳೆದೂ ಅವಳ ಮೊಣಕಾಲು ಎರಡೂ ಊದಿಕೊಂಡಿದ್ದವು. ಆದರೂ ಆ ವರ್ಷ ಅವಳ ಮುಖದಲ್ಲಿ ಒಂದು ಕಳೆ ಇತ್ತು. ಯಾಕೆಂದರೆ ಆಗರಕ್ಕೆ ಹಿಂದಿನವರು ಮಾಡಿಟ್ಟ ಒಂದು ಕಟ್ಟಳೆ ಇತ್ತು. ಅರವತ್ತು ಮಳೆಗಾಲ ಕಂಡವರು ಮತ್ತೆ ಆಗರಕ್ಕೆ ಇಳಿಯಬೇಕಾಗಿಲ್ಲ. ಅವರ ಪಾಲು ರಾಶಿಯಿಂದ ಮನೆಗೇ ಬರುತ್ತದೆ. ಅದಕ್ಕೆ ಕೂತುಣ್ಣುವ ಪಾಲು ಅನ್ನುತ್ತಿದ್ದರು. ಪರಮಿಗೆ ಐವತ್ತೊಂಬತ್ತಾಗಿತ್ತು. ಇನ್ನೊಂದೇ ಮಳೆಗಾಲ. ಅದು ಕಳೆದ ಮೇಲೆ ಹೊಳೆಯ ಮೇಲ್ಗಡೆ ಇರುವ ತಂಗಿಯ ಮನೆಗೆ ಹೋಗಬೇಕು, ಸಿಹಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿರಬೇಕು, ಸಾಕಾಗುವಷ್ಟು ದಿನ ಕೂತಿರಬೇಕು. ಅವಳಿಗೆ ಬೇರೆ ಆಸೆ ಇರಲಿಲ್ಲ ಅಂತಾರೆ. ಉಪ್ಪುನೀರಲ್ಲಿ ನಿಂತೇ ಕಣ್ಣು ಮುಚ್ಚಿ ಆ ಹೊಳೆಯ ತಂಪನ್ನು ನೆನೆಯುತ್ತಿದ್ದಳಂತೆ.

ಅವಳ ಬೇಲಿಯ ಆಚೆ ಸೋಮಿಯ ಮನೆ. ಸೋಮಿಗೆ ಐವತ್ತು. ಗಂಡ ಬೀರ ಏಳೇ ದಿನದ ಜ್ವರದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಅವನು ಹೋದ ಮೇಲೆ ಸೋಮಿಯ ಉಸಿರಿಗೆ ಏನೋ ಆಯಿತು. ಹತ್ತು ಹೆಜ್ಜೆ ಇಟ್ಟರೆ ನಿಲ್ಲಬೇಕು, ಎದೆ ಹಿಡಿದುಕೊಳ್ಳಬೇಕು. ಆಗರಕ್ಕೆ ಇಳಿದವಳು ಎರಡು ಸಲ ನೀರಿಗೇ ಕುಸಿದಳು. ಮೂರನೆಯ ಸಲ ಎತ್ತಿ ತಂದವಳು ಪರಮಿ.

ಸೋಮಿ ಯಾರನ್ನೂ ಕೇಳುವವಳಲ್ಲ. ಹೊಟ್ಟೆಗೆ ಒದ್ದೆಬಟ್ಟೆ ಕಟ್ಟಿಕೊಂಡು ಮಲಗಿದರೂ ಊಟ ಆಯಿತು ಅನ್ನುವವಳು. ಅದಕ್ಕೆ ಪರಮಿಯೇ ಅವಳ ಪರವಾಗಿ ಕೇಳಲು ಹೊರಟಳು.

ಮೊದಲು ಕೊಲ್ಲಿಯಾಚೆ ಬೀರನ ಅಣ್ಣನ ಮನೆಗೆ ಹೋದಳು. ಮನೆ ಬಿಟ್ಟುಕೊಟ್ಟು ನಮ್ಮಲ್ಲಿ ಬಂದಿರಲಿ, ಮೂಲೆಯಲ್ಲಿ ಜಾಗ ಇದೆ ಅಂದ ಅವನು. ಅವನಿಗೂ ಏಳು ಹೊಟ್ಟೆ. ಆಮೇಲೆ ದೋಣಿಯವರ ಹತ್ತಿರ ಹೋದಳು. ಕಡಲಲ್ಲಿ ಹೋದವನ ಹೆಂಡತಿಗೆ ನಾವು ಮೀನಿನ ಪಾಲು ಕೊಡುತ್ತೇವೆ, ಆದರೆ ಬೀರ ಚಾಪೆಯ ಮೇಲೆ ಸತ್ತ, ಕಡಲಿಗೆ ಅವನ ಗುರುತಿಲ್ಲ ಅಂದರು. ಗುಡ್ಡದಾಚೆಯ ಮಠದಲ್ಲಿ ಬಂದವರಿಗೆಲ್ಲ ಊಟ ಇತ್ತು. ಆದರೆ ಅಲ್ಲಿಗೆ ಎರಡು ಗುಡ್ಡ ಹತ್ತಿ ಬರಬೇಕು. ಬೇರು ಕೊಡುವ ಮುದುಕಿ ಏನೂ ಕೇಳದೆ ಕಷಾಯ ಕೊಟ್ಟಳು, ಕೊಟ್ಟು, ಆರು ತಿಂಗಳು ಮಲಗಿರಬೇಕು ಅಂದಳು. ಮಲಗಲಿಕ್ಕೂ ಅಕ್ಕಿ ಬೇಕಲ್ಲ!

ಕೊನೆಗೆ ಉಳಿದದ್ದು ಆಗರದ ರಾಶಿ. ಆಗರದ ಮಾತು ನಡೆಸುವ ಹಿರಿಯನಿಗೆ ಬುಧವಂತ ಅನ್ನುತ್ತಿದ್ದರು. ಊರು ಸೇರಿದ್ದ ದಿನ ಪರಮಿ ಅವನ ಮುಂದೆ ನಿಂತಳು, ಸೋಮಿಗೆ ಕೂತುಣ್ಣುವ ಪಾಲು ಕೊಡಿ ಅಂತ ಕೇಳಿದಳು.

ಬುಧವಂತ ಕೆಟ್ಟವನಲ್ಲ. ರಾಶಿ ಇಷ್ಟೇ ಇದೆ, ಕೆಮ್ಮಿದವರಿಗೆಲ್ಲ ಕೊಟ್ಟರೆ ಮುದುಕರಿಗೆ ಉಳಿಯುವುದಿಲ್ಲ ಅಂದ. "ಅರವತ್ತಾಗಲಿ, ಕೊಡುವಾ" ಅಂದ.

"ಅರವತ್ತಾಗೂ ತನಕ ಅವ್ಳು ಇರ್ಬೇಕಲ್ಲ" ಅಂದಳು ಪರಮಿ.

ಪರಮಿ ಅಲ್ಲಿಂದ ಹೊರಟು ಮನೆಗೆ ಹೋದಳು. ಮುನಿಸಿಕೊಂಡು ಹೋದಳು ಅಂದುಕೊಂಡರು ಎಲ್ಲರೂ. ಆದರೆ ಅವಳು ಬಾಗಿಲ ಪಕ್ಕದ ಗೂಟದಿಂದ ತನ್ನ ಚಿಪ್ಪಿನ ಸರ ತೆಗೆದುಕೊಂಡು ಬಂದಳು. ಆ ಊರಲ್ಲಿ ಪ್ರತಿಯೊಬ್ಬರಿಗೂ ಒಂದು ಸರ. ಹುಟ್ಟಿದಾಗ ದಾರ ಕಟ್ಟುತ್ತಾರೆ, ಒಂದೊಂದು ಮಳೆಗಾಲ ಕಳೆದಾಗಲೂ ಒಂದೊಂದು ಚಿಪ್ಪು ಪೋಣಿಸುತ್ತಾರೆ. ಪ್ರಾಯದ ಲೆಕ್ಕ ಅದೇ. ಪರಮಿ ದಾರವನ್ನು ಹಲ್ಲಿನಿಂದ ಕಡಿದಳು. ಬುಧವಂತನ ಅಂಗೈ ಹಿಡಿದು ಅದರೊಳಗೆ ಒಂದೊಂದೇ ಚಿಪ್ಪು ಇಟ್ಟಳು. ಹತ್ತು ಇಟ್ಟಳು.

"ನನ್ನ ಹತ್ತು ಮಳೆಗಾಲ ಸೋಮಿಗೆ ಕೊಡ್ತೆ. ಅವ್ಳಿಗೆ ಅರವತ್ತಾಯ್ತು. ನಂಗೆ ನಲವತ್ತೊಂಬತ್ತು."

ಕೆಲವರು ನಕ್ಕರಂತೆ. ಆಮೇಲೆ ಪರಮಿಯ ಮೊಣಕಾಲು ನೋಡಿ ನಗು ನಿಲ್ಲಿಸಿದರಂತೆ. ವರ್ಷ ಕೊಡಲಿಕ್ಕೆ ಬರುತ್ತದೆಯೇ ಅಂತ ಒಬ್ಬರು ಕೇಳಿದರು. ಬರುವುದಿಲ್ಲ ಅಂತ ಹಿಂದಿನವರು ಎಲ್ಲೂ ಹೇಳಿಲ್ಲ ಅಂತ ಇನ್ನೊಬ್ಬರು ಅಂದರು. ಬುಧವಂತ ಅಂಗೈ ಮುಚ್ಚಲಿಲ್ಲ, ತೆರೆಯಲಿಲ್ಲ, ಹಾಗೇ ಕೂತ. ಭರತ ಬಂತು, ಇಳಿತ ಆಯಿತು, ಅವನು ಕೂತೇ ಇದ್ದ ಅಂತಾರೆ. ಕೊನೆಗೆ ತಲೆ ಎತ್ತಿದ.

"ಹನ್ನೊಂದು ವರ್ಷ ಹಲಗೆ ಎಳೀಬೇಕಾಗ್ತದೆ ಪರಮಿ."

"ಎಳೀತೆ."

ಬುಧವಂತ ಒಪ್ಪಿದ ಸುದ್ದಿ ತಿಳಿದು ಸೋಮಿ ಕುಣಿಯಲಿಲ್ಲ ಮಕ್ಕಳೇ. ಅವಳಿಗೆ ಸಿಟ್ಟು ಬಂತು. ನಿನ್ನ ಕಾಲು ಮುರಿದು ನಾನು ಉಣ್ಣುವುದೇ, ನಿನಗೆ ಯಾರು ಹೇಳಿದ್ದು ಅಂತ ಕೂಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಪರಮಿ ಸೋಮಿಯ ಹೊಸ್ತಿಲಲ್ಲೇ ಕೂತು, ಆ ಹತ್ತೂ ಚಿಪ್ಪುಗಳನ್ನು ಸೋಮಿಯ ಸರಕ್ಕೆ ಪೋಣಿಸಿ, ಗೂಟಕ್ಕೆ ಹಾಕಿ ಹೋದಳು. ಮೂರು ದಿನ ಬೇಲಿಯ ಆಚೆಯಿಂದ ಮಾತಿಲ್ಲ.

ನಾಲ್ಕನೆಯ ದಿನ ಮೊದಲ ಪಾಲು ಬಂತು. ಆ ಮಧ್ಯಾಹ್ನ ಪರಮಿ ಆಗರದಲ್ಲಿ ತಲೆ ಎತ್ತಿ ನೋಡಿದರೆ, ಬಿಸಿಲ ನಡುಕದೊಳಗೆ ಸೋಮಿ ಬರುತ್ತಿದ್ದಳು. ಒಂದಿಷ್ಟು ದೂರ ಬರುವುದು, ನಿಲ್ಲುವುದು. ನೀರಿನ ಮೇಲೆ ತೇಲಿ ಬಂದಂತೆ ಕಾಣುತ್ತಿತ್ತು. ದಂಡೆಯ ಮೇಲೆ ಕೂತು, ಉಸಿರು ತಿರುಗಿದ ಮೇಲೆ, ಮಡಿಲ ಮರೆಯಿಂದ ಗಂಜಿಯ ಮಡಕೆ ತೆಗೆದಿಟ್ಟಳು.

"ನಿನ್ನ ಹತ್ತು ವರ್ಷ ನಂದು. ಮಧ್ಯಾಹ್ನದ ಗಂಜಿ ನಿಂದು. ಬೇಡ ಅಂದ್ರೆ ಎರಡೂ ಬೇಡ" ಅಂದಳು.

ಪರಮಿ ಕೈ ತೊಳೆದು ಬಂದು ಕೂತಳು.

ಅವತ್ತಿನಿಂದ ದಿನಾ ಹಾಗೆ. ಉಳಿದ ಹೊತ್ತು ಮಲಗಿ, ಕಷಾಯ ಕುಡಿದು, ಸೋಮಿಯ ಉಸಿರು ತುಸು ಹಗುರಾಯಿತು. ಬರುಬರುತ್ತ ದಾರಿಯಲ್ಲಿ ನಿಲ್ಲುವುದು ಕಡಿಮೆಯಾಯಿತು.

ಪರಮಿಯ ಬಗ್ಗೆ ಏನೇನೋ ಹೇಳುತ್ತಾರೆ. ಹತ್ತು ವರ್ಷ ಕೊಟ್ಟ ಮಾರನೆಯ ಬೆಳಿಗ್ಗೆಯೇ ಅವಳ ಕೂದಲು ಕಪ್ಪಾಗಿತ್ತು ಅಂತಾರೆ. ಬೆನ್ನು ನೆಟ್ಟಗಾಗಿ, ಬಿದ್ದ ಹಲ್ಲು ಹುಟ್ಟಿ, ಅವಳು ಎಳೆದ ಉಪ್ಪು ಮಲ್ಲಿಗೆಯಂತೆ ಅರಳುತ್ತಿತ್ತು ಅಂತಾರೆ. ಕಂಡವರು ಹೇಳುತ್ತಿದ್ದದ್ದೇ ಬೇರೆ. ಕೂದಲು ಬೆಳ್ಳಗೇ ಇತ್ತು, ಮೊಣಕಾಲು ನೋಯುತ್ತಲೇ ಇತ್ತು, ಅವಳು ಇಳಿಯುತ್ತಲೇ ಇದ್ದಳು. ಐದನೆಯ ವರ್ಷ ತಂಗಿ ತೀರಿಕೊಂಡ ಸುದ್ದಿ ದೋಣಿಯಲ್ಲಿ ಬಂತು. ಪರಮಿ ಹಲಗೆಯ ಮೇಲೆ ಗಲ್ಲ ಊರಿ ಬಹಳ ಹೊತ್ತು ನಿಂತಿದ್ದಳು. ಆ ದಿನ ಗಂಜಿ ಹಾಗೇ ಆರಿತು. ಸೋಮಿ ಸಂಜೆಯವರೆಗೆ ದಂಡೆ ಬಿಟ್ಟು ಏಳಲಿಲ್ಲ.

ಏಳನೆಯ ವರ್ಷ ಸೋಮಿ ಹೋದಳು. ನಿದ್ದೆಯಲ್ಲಿ, ಮುಖದಲ್ಲಿ ಕಷ್ಟದ ಗೆರೆ ಇಲ್ಲದೆ ಹೋದಳು. ಅವಳು ಉಣ್ಣದ ಮೂರು ವರ್ಷ ಉಳಿದಿತ್ತು. ಬುಧವಂತ ತಾನೇ ಬಂದು ಮೂರು ಚಿಪ್ಪು ಬಿಚ್ಚಿ ಪರಮಿಗೆ ನೀಡಿದ. ಪರಮಿ ಕೈಚಾಚಲಿಲ್ಲ. ಕೊಟ್ಟದ್ದು ಕೊಟ್ಟಾಯಿತು ಅಂದಳು. ತೂಬಿನ ಹಲಗೆಗೆ ಸಿಕ್ಕಿ ಕೈ ಜಜ್ಜಿಹೋದ ದೇವು ಇದ್ದ, ಐವತ್ತೇಳರವನು. ಅವನಿಗೆ ಹಾಕಿ ಅಂದಳು. ಹಾಕಿದರು. ಪರಮಿ ತನ್ನ ನಾಲ್ಕು ವರ್ಷ ಎಳೆದು ಮುಗಿಸಿದಳು.

ಮುಗಿಸಿದ ದಿನ ಊರವರು ಅವಳನ್ನು ದೋಣಿಯಲ್ಲಿ ಕೂರಿಸಿ ಹೊಳೆಯ ಮೇಲ್ಗಡೆ ಕರೆದುಕೊಂಡು ಹೋದರು. ಅವಳು ಕಾಲು ಇಳಿಬಿಟ್ಟಳು. ಆ ಸಂಜೆ ಕೊಲ್ಲಿಯ ನೀರು ಸಿಹಿಯಾಗಿತ್ತು, ಊರೆಲ್ಲ ಬೊಗಸೆಯಲ್ಲಿ ಕುಡಿದು ನೋಡಿತು ಅಂತಾರೆ. ಇರಬಹುದು. ಅವಳು ಎಷ್ಟು ದಿನ ಹಾಗೆ ಕೂತಿದ್ದಳೋ ಯಾರೂ ಎಣಿಸಲಿಲ್ಲ.

ದೇವುಗೆ ನಿಜವಾದ ಅರವತ್ತು ತುಂಬಿದಾಗ ಆ ಮೂರು ವರ್ಷ ಅವನಿಗೆ ಬೇಡವಾಯಿತು. ಅವನು ಅದನ್ನು ಇನ್ನೊಬ್ಬರಿಗೆ ದಾಟಿಸಿದ. ಅವರು ಮತ್ತೊಬ್ಬರಿಗೆ. ಮೂರು ವರ್ಷ ಸಾಕಾಗದವರಿಗೆ ಬೇರೆಯವರು ಒಂದೊಂದು ಸೇರಿಸಿದರು. ಆ ವರ್ಷಗಳು ಇನ್ನೂ ಊರಲ್ಲಿ ಮನೆಯಿಂದ ಮನೆಗೆ ತಿರುಗುತ್ತಿವೆ ಅಂತಾರೆ.

ಇವತ್ತಿಗೂ ಆ ಕಡೆ ಹೋದರೆ ನೋಡಿ. ಅರವತ್ತು ತುಂಬಿದವರು, ಪಾಲು ಮನೆಗೆ ಬರುವ ಹಾಗಿದ್ದರೂ, ಒಂದು ವರ್ಷ ಹೆಚ್ಚಿಗೆ ಆಗರಕ್ಕೆ ಇಳಿಯುತ್ತಾರೆ. ಯಾಕೆ ಅಂತ ಕೇಳಿದರೆ, ಈ ವರ್ಷ ಪಕ್ಕದ ಮನೆಯದು ಅನ್ನುತ್ತಾರೆ. ಯಾವ ಪಕ್ಕದ ಮನೆ ಅಂದರೆ, ಅದು ಇನ್ನೂ ಗೊತ್ತಾಗಿಲ್ಲ ಅಂತ ನಕ್ಕು, ಸೀರೆ ಎತ್ತಿ ಕಟ್ಟಿಕೊಂಡು ನೀರಿಗೆ ಇಳಿಯುತ್ತಾರೆ.