ಉರಿಯದ ದೀಪದ ಉದಾಹರಣೆ

“ಗುರುಗಳೇ, ನಾನು ಬರೆದ ಕೋಡಿನಲ್ಲಿ ತಪ್ಪಿಲ್ಲ. ಅದನ್ನು ಯಾವ ಫೋಲ್ಡರಿನಲ್ಲಿ ಇಟ್ಟರೇನು?” ಎಂದು ಶಿಷ್ಯ ಕೇಳಿದ.

ಅವನು ದೀಪ, ಗಂಟೆಗಳಂಥವನ್ನು ನಡೆಸುವ ಪುಟ್ಟ ಮೈಕ್ರೊಕಂಟ್ರೋಲರ್ ಚಿಪ್‌ಗಳಿಗೆಂದು ಒಂದು ಲೈಬ್ರರಿ, ಅಂದರೆ ಸಿದ್ಧ ಕೋಡುಗಳ ಕಟ್ಟು, ಬರೆದು, ಯಾರು ಬೇಕಾದರೂ ಬಳಸಲಿ ಎಂದು ಅಂತರ್ಜಾಲದಲ್ಲಿ ಬಿಟ್ಟಿದ್ದ. ಸ್ವಂತಕ್ಕೆಂದು ಬರೆದ ಕೋಡನ್ನೂ ಕಲಿಯುವವರ ಫೋಲ್ಡರಿನಲ್ಲೇ ಇಟ್ಟಿದ್ದ; ಅರ್ಥವಾಗುತ್ತಿಲ್ಲ ಎಂಬ ಹೊಸಬರ ದೂರುಗಳಿಂದ ಬೇಸತ್ತಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ನಿನ್ನಂಥವನೇ ಒಬ್ಬ ಜಾಣನಿದ್ದ. ಅವನೂ ಇಂಥದೇ ಲೈಬ್ರರಿ ಬರೆದಿದ್ದ. ಕಲಿಯುವವರಿಗೆಂದು ಅದರಲ್ಲಿ ‘ಉದಾಹರಣೆಗಳು’ ಎಂಬ ಫೋಲ್ಡರ್ ಇತ್ತು. ಬಿಡುವಿನಲ್ಲಿ ಮನೆಗೆಂದು ಮಾಡಿಕೊಂಡ ಆಟಗಳನ್ನೆಲ್ಲ ಅವನು ಅದರೊಳಗೇ ತುರುಕಿದ: ಮೀನಿನ ತೊಟ್ಟಿಯ ದೀಪ, ಗಿಡಕ್ಕೆ ನೀರುಣಿಸುವ ಯಂತ್ರ, ತಾರಸಿಯ ಟ್ಯಾಂಕ್ ತುಂಬಿದರೆ ಕೂಗುವ ಗಂಟೆ. ಮಾಡಿದ್ದನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಯಾರಿಗಿಲ್ಲ?

ಒಬ್ಬ ಹೆಂಗಸಿದ್ದಳು. ಆಕೆಯ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಹೊರಗೆ ಗುಂಡಿ ಒತ್ತಿದರೆ ಒಳಗೆ ದೀಪ ಉರಿಯಬೇಕು, ಅಮ್ಮ ನೋಡಿ ಬಾಗಿಲು ತೆಗೆಯಬೇಕು. ಆಕೆಗೆ ಬೇಕಾದದ್ದು ಅಷ್ಟೇ. ‘ಗುಂಡಿ ಒತ್ತಿದರೆ ದೀಪ’ ಎಂಬ ಉದಾಹರಣೆ ಆ ಫೋಲ್ಡರಿನಲ್ಲಿ ಸಿಕ್ಕಿತು. ಬರೆದಂತೆಯೇ ತಂತಿ ಜೋಡಿಸಿದಳು. ದೀಪ ಉರಿಯಲಿಲ್ಲ. ಬಿಚ್ಚಿ ಮತ್ತೆ ಜೋಡಿಸಿದಳು. ಆಗಲೂ ಇಲ್ಲ. ತಪ್ಪು ನನ್ನದೇ ಇರಬೇಕು, ಎಲ್ಲಿ ಎಂದು ತಿಳಿಸಿ ಎಂದು ಅವನಿಗೆ ಬರೆದಳು.

“ಸರಿಯಾಗಿ ಓದಿ. ನಮ್ಮ ಮನೆಯಲ್ಲಿ ಉರಿಯುತ್ತಿದೆ,” ಎಂದು ಅವನು ಉತ್ತರ ಕೊಟ್ಟ. ಆಕೆ ಮತ್ತೆ ಬರೆಯಲಿಲ್ಲ.

ಮುಂದೊಮ್ಮೆ ಅವನ ಮನೆಯಲ್ಲಿ ಚಿಪ್ ಕೂರಿಸಿದ್ದ ಬೋರ್ಡು ಸುಟ್ಟುಹೋಯಿತು. ಹೊಸದನ್ನು ತಂದು, ಟ್ಯಾಂಕಿನ ತಂತಿ ಸಿಕ್ಕಿಸುವ ಮೊದಲೇ, ಪರೀಕ್ಷೆಗೆಂದು ಅದೇ ಉದಾಹರಣೆಯನ್ನು ಹಾಕಿದ. ಗುಂಡಿ ಒತ್ತಿದ. ದೀಪ ಉರಿಯಲಿಲ್ಲ. ಕೂತು ಒಂದೊಂದೇ ಸಾಲು ಓದಿದಾಗ ಗೊತ್ತಾಯಿತು: ಆ ಕೋಡು ಮೊದಲು ಅವನ ಟ್ಯಾಂಕಿನಿಂದ ಸೂಚನೆ ಬರಲೆಂದು ಕಾಯುತ್ತಿತ್ತು. ಅದು ಬರುವ ತನಕ ಗುಂಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಟ್ಯಾಂಕಿನ ಗಂಟೆಗೆ ಬರೆದದ್ದನ್ನೇ ಅರ್ಧ ಅಳಿಸಿ ಮಹಾರಾಯ ಉದಾಹರಣೆ ಮಾಡಿಟ್ಟಿದ್ದ. ಆಕೆಯ ಮನೆಗೆ ಇವನ ಟ್ಯಾಂಕ್ ಎಲ್ಲಿಂದ ಬರಬೇಕು?

ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಂದೇ ಮನೆಯ ಆಟಗಳನ್ನೆಲ್ಲ ‘ನನ್ನ ಹವ್ಯಾಸಗಳು’ ಎಂಬ ಬೇರೆ ಫೋಲ್ಡರಿಗೆ ಸಾಗಿಸಿದ. ಉದಾಹರಣೆಗಳನ್ನು ಹೊಸದಾಗಿ ಬರೆದ. ಒಂದಕ್ಕೆ ಒಂದೇ ಕೆಲಸ, ಅದೂ ಯಾರ ಮನೆಯಲ್ಲಾದರೂ ನಡೆಯುವಂಥದ್ದು. ಆಮೇಲೆ ಆಕೆಯ ನಂಬರ್ ಹುಡುಕಿ ಫೋನ್ ಮಾಡಿ, ತಪ್ಪು ತನ್ನದು ಎಂದು ಒಪ್ಪಿಕೊಂಡ.

“ನನ್ನ ಮನಸ್ಸಿಗೆ ನೋವಾಗಬಾರದು ಅಂತ ಹಾಗಂತೀರಿ ಸಾರ್, ನಿಮ್ಮದು ದೊಡ್ಡ ಗುಣ,” ಎಂದಳು ಆಕೆ. “ಇದೆಲ್ಲ ನನ್ನ ತಲೆಗೆ ಹತ್ತೋದಲ್ಲ ಬಿಡಿ. ಸಾಮಾನೆಲ್ಲ ಬಿಚ್ಚಿ ಯಾರಿಗೋ ಕೊಟ್ಟುಬಿಟ್ಟೆ. ಅಮ್ಮ ಈಗ ಬಾಗಿಲು ತೆಗೆದಿಟ್ಟುಕೊಂಡೇ ಕೂತಿರ್ತಾರೆ.”

ಗುರುಗಳು ಕತೆ ನಿಲ್ಲಿಸಿದರು.

“ಅಂತೂ ಎಲ್ಲವನ್ನೂ ಸರಿಮಾಡಿದನಲ್ಲ, ಗುರುಗಳೇ?” ಎಂದು ಶಿಷ್ಯ ಮೆಲ್ಲಗೆ ಕೇಳಿದ.

“ಫೋಲ್ಡರು ಅಂದೇ ಸರಿಹೋಯಿತು, ತನಗೆ ತಲೆಯಿಲ್ಲ ಎಂದು ಆಕೆ ಇನ್ನೂ ನಂಬಿಕೊಂಡಿದ್ದಾಳೆ.”