ಹಿಡಿಯ ಮೇಲಿನ ಕೈ

ಚೆನ್ನವೀರ ಕೇಳಿದ: “ಗುರುಗಳೇ, ನಾಯಕ ಅಮೃತವನ್ನೇ ತಂದರೂ ಊರು ಬದಲಾಗದಿದ್ದರೆ, ಅವನ ಪಯಣ ವ್ಯರ್ಥವೇ?”

ಚೆನ್ನವೀರ ಸಿನಿಮಾಕ್ಕೆ ಕತೆ ಬರೆಯುತ್ತಿದ್ದ. ಮುಂದೆಂದೋ ಬರಲಿರುವ ಕೆಟ್ಟ ಕಾಲದ ಕತೆ. ಯಂತ್ರಗಳ ಹಿಡಿತದಲ್ಲಿರುವ ಒಂದು ನಗರ, ಅದನ್ನು ಬಿಡಿಸಲು ಹೊರಡುವ ಒಬ್ಬ ನಾಯಕ. ಒಂದು ಹಾಳೆಯ ಮೇಲೆ ವೃತ್ತ ಎಳೆದು ಅದರ ಸುತ್ತ ನಾಯಕನ ಪಯಣದ ಹಂತಗಳನ್ನು ಗುರುತು ಹಾಕಿಕೊಂಡಿದ್ದ: ಮನೆ, ಕರೆ, ಹಿಂಜರಿಕೆ, ದಾರಿ ತೋರುವವರು, ಹೊಸ್ತಿಲು, ಪರೀಕ್ಷೆ, ಸಾವಿನ ಬಾಯಿ, ಅಮೃತ, ಮರಳಿ ಮನೆ. ಉಳಿದೆಲ್ಲ ತುಂಬಿತ್ತು. ಕೊನೆಯದೊಂದು ಏನು ಮಾಡಿದರೂ ಕೂಡಿಬರುತ್ತಿರಲಿಲ್ಲ.

ಗುರುಗಳಾದ ಮರುಳಾರಾಧ್ಯರು ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು. “ದುಂಡಗೆ ಬಂದಿದೆ. ದೋಸೆ ಹುಯ್ಯುವವರೂ ಮೆಚ್ಚಬೇಕು,” ಎಂದರು. ಆಮೇಲೆ, “ನಿನ್ನ ಕೆಟ್ಟ ಕಾಲದ್ದೇ ಒಂದು ಕತೆ ಹೇಳುತ್ತೇನೆ, ಕೇಳು,” ಎಂದು ತೊಡಗಿದರು.

ಒಂದು ನಗರವಿತ್ತು. ಅದು ನೆಲದ ಕೆಳಗಿತ್ತು. ಮೇಲಿನ ಗಾಳಿ ವಿಷವಾಯಿತೆಂದು ಹಿಂದಿನವರು ಇಳಿದು ಬಂದು ಬಾಗಿಲು ಹಾಕಿಕೊಂಡಿದ್ದರು. ಗಾಳಿಯನ್ನು ಸೋಸಿ ಒಳಗೆ ಕಳಿಸಲು ಕೇರಿಗೊಂದು ದೊಡ್ಡ ಚಕ್ರ. ಚಕ್ರಕ್ಕೆ ಮನೆಗೊಂದು ಹಿಡಿ. ಗಂಡ ಹೆಂಡತಿ ಪಾಳಿಯ ಮೇಲೆ ತಮ್ಮ ಹಿಡಿಯನ್ನು ತಿರುಗಿಸಬೇಕು. ಒಂದು ಹಿಡಿ ಬಿಟ್ಟುಹೋದರೂ ಚಕ್ರ ನಿಲ್ಲುತ್ತದೆ, ಕೇರಿಗೆ ಉಸಿರಿಲ್ಲ. ಆದ್ದರಿಂದ ಹಿಡಿ ಬಿಡುವ ಮುನ್ನ ಇನ್ನೊಬ್ಬರ ಕೈ ಅದರ ಮೇಲೆ ಬಂದಿರಬೇಕು. ಆ ಊರಿನ ಧರ್ಮವೆಲ್ಲ ಇಷ್ಟೇ. ಅವರ ಮದುವೆಯೂ ಹೀಗೆಯೇ. ಗಂಡು ಹಿಡಿದ ಹಿಡಿಯ ಮೇಲೆ ಹೆಣ್ಣು ಕೈ ಇಟ್ಟರೆ ಧಾರೆ ಆದಂತೆ.

ತಿರುಗಿಸಲಾರದವರನ್ನು ಕೆಳಗಿನ ಅಂತಸ್ತಿಗೆ ಇಳಿಸುತ್ತಿದ್ದರು. ಅಲ್ಲಿಗೆ ಗಾಳಿಯ ಕೊಳವೆ ಇರಲಿಲ್ಲ. ‘ಕೂಳಿಗೆ ಕೇಡು, ಭೂಮಿಗೆ ಭಾರ’ ಎಂದು ನಾವು ಬೈದು ಸುಮ್ಮನಾಗುತ್ತೇವೆ. ಅವರು ಅದನ್ನೇ ಕಾನೂನು ಮಾಡಿಕೊಂಡಿದ್ದರು.

ಆ ಊರಿನಲ್ಲಿ ಒಬ್ಬನ ಹೆಂಡತಿಗೆ ಗೂರಲು ಹತ್ತಿತು. ಹಿಡಿ ತಿರುಗಿಸುವಾಗ ಅವಳ ಎದೆ ಸುಯ್ಯೆನ್ನುತ್ತಿತ್ತು. ಅದೇ ಕಾಲಕ್ಕೆ ಕೆಳಗೆ ಇಳಿಸಲು ಒಯ್ಯುತ್ತಿದ್ದ ಒಬ್ಬ ಮುದುಕಿ ಅವನ ಕಿವಿಯಲ್ಲಿ, ‘ಮ್ಯಾಲೆ ಗಾಳಿ ಚೆನ್ನಾಗೈತಪ್ಪಾ. ಬಾಗಿಲು ಹಾಕಿರಾದು ಒಳಗಿಂದ್ಲೇ,’ ಎಂದು ಹೇಳಿ ಹೋದಳು. ಇದು ಕರೆ. ಅವನು ಹೊರಡಲಿಲ್ಲ. ನಾನು ಹೋದರೆ ನನ್ನ ಹಿಡಿ ಯಾರ ಕೈಗೆ ಎಂದುಕೊಂಡ. ಆದರೆ ಚಕ್ರದ ಮೇಸ್ತ್ರಿ ಹಾದುಹೋಗುವಾಗ ಹೆಂಡತಿಯ ಮುಖವನ್ನು ನಿಂತು ನೋಡತೊಡಗಿದ. ಆ ನೋಟದ ಅರ್ಥ ಕೇರಿಗೆಲ್ಲ ಗೊತ್ತಿತ್ತು: ಇನ್ನು ಕೆಳಗೆ ಇಳಿಸುವ ಸರದಿ ಇವಳದು. ಗಂಡ ಹೊರಟ. ನೆರೆಯವರು ಕನಿಕರಪಟ್ಟರು. ಅವಳು ಸೋತಾಗಲೆಲ್ಲ, ಅವನು ಬರುವವರೆಗೆ ತಾವು ಕೈ ಇಡುತ್ತೇವೆ ಎಂದರು. ಇಟ್ಟರು ಕೂಡ. ಕೆಟ್ಟವರೇನಲ್ಲ ಅವರು.

ಅವನ ದಾರಿಯನ್ನು ನಾನು ಉದ್ದ ಮಾಡುವುದಿಲ್ಲ, ನೀನು ಹೇಗೂ ಬರೆದಿರುತ್ತೀಯೆ. ತುಕ್ಕು ಹಿಡಿದ ಮೆಟ್ಟಿಲು ಹತ್ತಿದ. ಕಾವಲಿನ ಯಂತ್ರಕ್ಕೆ ಒಂದು ಕಣ್ಣು ಕೊಟ್ಟ. ತನಗಿಂತ ಮೊದಲು ಹೊರಟವರ ಮೂಳೆಗಳ ನಡುವೆ ಮಲಗಿ ಎದ್ದ. ಕೊನೆಯ ಬಾಗಿಲಿನ ಅಗುಳಿ ತೆಗೆದ. ಹೊರಗೆ ಬಯಲಿತ್ತು, ಹೊಂಗೆ ಮರಗಳಿದ್ದವು. ಸತ್ತರೆ ಸಾಯುತ್ತೇನೆಂದು ಉಸಿರೆಳೆದುಕೊಂಡ. ಸಾಯಲಿಲ್ಲ. ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ? ಎಷ್ಟು ಎಳೆದುಕೊಂಡರೂ ಯಾರೂ ಕೇಳುವವರಿಲ್ಲ. ಅವನು ನಕ್ಕ, ಆಮೇಲೆ ಕೂತು ಅತ್ತ. ಅಲ್ಲಿಯೇ ಇದ್ದುಬಿಡಬಹುದಿತ್ತು. ಹೊಂಗೆಯ ಒಂದು ಹಸಿ ಟೊಂಗೆ ಮುರಿದುಕೊಂಡು ಮತ್ತೆ ಕತ್ತಲೆಗೆ ಇಳಿದ.

ನಿನ್ನ ವೃತ್ತ ಇಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ನನ್ನ ಕತೆ ಇಲ್ಲಿಂದ.

ಅವನು ಬಂದಾಗ ಹೆಂಡತಿ ಹಿಡಿಯ ಮೇಲೆ ಬಾಗಿಕೊಂಡಿದ್ದಳು.

‘ಬಿಡೇ, ಹೋಗಾಣ. ಮ್ಯಾಲೆ ಬೇಕಾದಷ್ಟು ಗಾಳಿ ಐತೆ. ನಿನ್ನ ಹೊತ್ಕೊಂಡೇ ಹೋಗ್ತೀನಿ,’ ಎಂದ.

‘ಹೆಂಗೆ ಬಿಡ್ಲಿ? ಕೇರೀಲಿ ಎಳೆಗೂಸುಗಳವೆ. ಮೊದ್ಲು ನೀವು ಕೈ ಇಡಿ,’ ಎಂದಳು.

ಅವನು ಕೈ ಇಟ್ಟ. ಅವಳು ಕೈ ತೆಗೆದು ಗೋಡೆಗೆ ಒರಗಿ ಕೂತಳು. ಟೊಂಗೆಯನ್ನು ಮಡಿಲಲ್ಲಿಟ್ಟುಕೊಂಡಳು. ಅಷ್ಟು ದಿನ ನೆರವಾದ ನೆರೆಯವರು, ಸದ್ಯ ಮನೆಯ ಗಂಡಸು ಬಂದನಲ್ಲ ಎಂದು ತಮ್ಮ ತಮ್ಮ ಕೈಗಳನ್ನು ಹಿಂದಕ್ಕೆ ಎಳೆದುಕೊಂಡರು.

ಅವನು ಕೂಗಿ ಹೇಳಿದ: ಎಲ್ಲರೂ ಒಟ್ಟಿಗೆ ಬಿಡಿ, ಒಟ್ಟಿಗೆ ಹತ್ತೋಣ, ಬಾಗಿಲು ತೆರೆದಿದೆ. ಮಾತು ಸರಿಯಾಗಿಯೇ ಇತ್ತು. ಎಲ್ಲರೂ ತಲೆದೂಗಿದರು. ಮೊದಲು ಬಿಡುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾವ ಊರಿನಲ್ಲಿ ಮೊದಲು ಮುಂದೆ ಬಂದಿದ್ದಾರೆ? ಆಗ ಅವನು ಬೇಡಿಕೊಂಡ: ಹೋಗಲಿ, ಒಬ್ಬರು ಇದರ ಮೇಲೆ ಕೈ ಇಡಿ, ಇವಳನ್ನು ಮೇಲೆ ಬಿಟ್ಟು ಮರಳಿ ಬರುತ್ತೇನೆ. ಕೇಳಿದವರೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅಂಥ ಗಾಳಿ ಕುಡಿದವನು ತಿರುಗಿ ಬಂದಾನೆಯೇ? ಬಾರದಿದ್ದರೆ ಸಾಯುವವರೆಗೆ ಈ ಹಿಡಿ ನನ್ನ ಕೊರಳಿಗೆ. ಹೋಗಿ ತಿರುಗಿ ಬಂದವನು ಕಣ್ಣೆದುರಿಗೇ ನಿಂತಿದ್ದ. ಅದು ಒಬ್ಬರಿಗೂ ಹೊಳೆಯಲಿಲ್ಲ.

ಪಾಳಿ ಮುಗಿಸಿ ಕೂತಿದ್ದ ಒಬ್ಬ, ‘ಮ್ಯಾಲೆ ಏನೇನು ಕಂಡೆ, ಹೇಳಪ್ಪಾ,’ ಎಂದ.

ಅವನು ತಪ್ಪು ಮಾಡಿದ್ದು ಅಲ್ಲಿ. ಚೆನ್ನಾಗಿ ಹೇಳಿದರೆ ಯಾರದಾದರೂ ಕರುಳು ಕರಗಿ ಕೈ ಮುಂದೆ ಬಂದೀತು ಎಂದುಕೊಂಡ. ಹೇಳಿದ. ಕಣ್ಣು ಹೋದದ್ದನ್ನು ಹೇಳುವಾಗ ಜನ ಅತ್ತರು. ಕಣ್ಣೊರೆಸಿಕೊಂಡ ಕೈಗಳಲ್ಲಿ ಒಂದೂ ಹಿಡಿಯ ಕಡೆ ಬರಲಿಲ್ಲ. ಇನ್ನೂ ಚೆನ್ನಾಗಿ ಹೇಳಬೇಕೆಂದುಕೊಂಡ. ಮತ್ತೆ ಮೊದಲಿನಿಂದ ಹೇಳಿದ. ಬೇಸರ ತರುವುದನ್ನು ಬಿಟ್ಟ, ಮೆಟ್ಟಿಲುಗಳನ್ನು ಕಡಿದಾಗಿಸಿದ, ಕಾವಲಿನ ಯಂತ್ರವನ್ನು ಕೊಂಚ ದೊಡ್ಡದು ಮಾಡಿದ. ಪಕ್ಕದ ಕೇರಿಯವರೂ ಬಂದು ಕೂತರು. ಗೋಡೆಯ ಬಳಿ ಹೆಂಡತಿಯ ಉಸಿರು ಗಿಡ್ಡವಾಗುತ್ತಿತ್ತು. ಅವನಿಗೆ ಅದು ಕೇಳುತ್ತಿತ್ತು. ಕೇಳಿದಷ್ಟೂ ಆತುರದಿಂದ, ಕೇಳಿದಷ್ಟೂ ಸೊಗಸಾಗಿ ಹೇಳುತ್ತ ಹೋದ.

ಕೊನೆಯ ಬಾಗಿಲಿನ ಅಗುಳಿ ತೆಗೆದದ್ದನ್ನು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತಾಗ ಗೋಡೆಯ ಕಡೆಯಿಂದ ಸದ್ದಿರಲಿಲ್ಲ.

ಆಗಲೂ ಅವನು ಹಿಡಿ ಬಿಡಲಿಲ್ಲ. ಹುಟ್ಟಿದಾಗಿನಿಂದ ಆ ಕೈ ಕಲಿತದ್ದು ಅದೊಂದನ್ನೇ. ಹೆಣವನ್ನು ಬೇರೆಯವರು ಎತ್ತಿದರು. ಅವನು ಚಕ್ರದ ಜೊತೆ ಸುತ್ತುತ್ತಲೇ ನೋಡಿದ.

ಮೇಸ್ತ್ರಿ ಅವನನ್ನು ಶಿಕ್ಷಿಸಲೆಂದೇ ಬಂದ. ಬಂದವನು ನಿಂತು ನೋಡಿದ. ಬೇರೆ ಕೇರಿಗಳಿಗಿಂತ ಈ ಕೇರಿಯ ಚಕ್ರ ಬಿರುಸಾಗಿ ತಿರುಗುತ್ತಿತ್ತು. ಕತೆ ಕೇಳುತ್ತ ಜನ ತೋಳಿನ ನೋವು ಮರೆತಿದ್ದರು. ಅವನು ಶಿಕ್ಷೆಯ ಮಾತೆತ್ತಲಿಲ್ಲ. ಕತೆಯನ್ನು ಚಿತ್ರ ಮಾಡಿಸಿದ. ಪಾಳಿಗೊಂದು ಆಟದಂತೆ ಎಲ್ಲ ಕೇರಿಗಳ ಗೋಡೆಯ ಮೇಲೂ ಅದನ್ನು ತೋರಿಸಲು ಏರ್ಪಾಟಾಯಿತು. ಜನ ಅಳುವ ಕಡೆ ಅತ್ತರು, ತಟ್ಟುವ ಕಡೆ ತಟ್ಟಿದರು, ಮನಸ್ಸು ಹಗುರ ಮಾಡಿಕೊಂಡು ತಮ್ಮ ತಮ್ಮ ಹಿಡಿಗೆ ಹೋದರು. ಮೇಸ್ತ್ರಿ ಪಾಳಿಯ ಹೊತ್ತನ್ನು ಇನ್ನಷ್ಟು ಉದ್ದ ಮಾಡಿದ. ಯಾರೂ ಗೊಣಗಲಿಲ್ಲ.

ಮರುಳಾರಾಧ್ಯರು ಇಲ್ಲಿಗೆ ನಿಲ್ಲಿಸಿದರು.

ಚೆನ್ನವೀರನಿಗೆ ತಡೆಯಲಾಗಲಿಲ್ಲ. “ಗುರುಗಳೇ, ಅವನು ಕಂಡದ್ದು ನಿಜವೇ ಅಲ್ಲವೇ? ಬಾಗಿಲೂ ತೆರೆದೇ ಇತ್ತು. ಹಿಡಿಯಲ್ಲಿದ್ದವರು ಹೋಗಲಿ, ಪಾಳಿ ಇಲ್ಲದೆ ನೋಡುತ್ತ ಕೂತಿದ್ದವರಲ್ಲಿ ಒಬ್ಬರಾದರೂ ಎದ್ದು ಹೋಗಲಿಲ್ಲವೇ?” ಎಂದ.

ಗುರುಗಳು ಹೇಳಿದರು: “ಎದ್ದು ಹೋಗಲು ಮನಸ್ಸೇ ಬಾರದಷ್ಟು ಚೆನ್ನಾಗಿತ್ತಪ್ಪ, ಆ ಚಿತ್ರ.”