ಬೆರ್ತೊಲ್ದೊ ಮೇಸ್ತ್ರಿಯ ಗೀರು

ಇಟಲಿಯ ಕ್ರೆಮೋನಾದಲ್ಲಿ, ಒಂದು ರಿಪೇರಿ ಅಂಗಡಿಯ ಮೇಜಿನ ಮೇಲೆ ಎರಡು ಪಿಟೀಲುಗಳು ಜಗಳಕ್ಕೆ ನಿಂತವು. ಎರಡರದೂ ಒಂದೇ ವಾದ: "ನನ್ನನ್ನು ಮಾಡಿದವರು ಬೆರ್ತೊಲ್ದೊ ಮೇಸ್ತ್ರಿ. ನನ್ನ ತಲೆಯ ಸುರುಳಿಯ ಮೇಲೆ ಅವರ ಉಳಿಯ ಗೀರಿದೆ. ನೀನು ಬರೀ ನಕಲು."

ನ್ಯಾಯಕ್ಕೆ ಮೇಸ್ತ್ರಿಯ ಹಳೆಯ ಉಳಿಯನ್ನೇ ಕರೆದವು. ಉಳಿ ಕೇಳಿತು: "ಗೀರು ಬಿದ್ದದ್ದು ಹೇಗೆ?"

ಮೊದಲ ಪಿಟೀಲು ನಾಚಿಕೊಂಡಿತು. "ಕೆತ್ತುವಾಗ ಅವರಿಗೆ ಸೀನು ಬಂದು ಕೈ ಜಾರಿತು. ಬೈದುಕೊಳ್ಳುತ್ತಲೇ ವಾರ್ನಿಶ್ ಹಚ್ಚಿದರು."

ಎರಡನೆಯದು ಎದೆಯುಬ್ಬಿಸಿತು. "ನನ್ನ ಮೇಸ್ತ್ರಿ ಮೂರು ಸಲ ಅಳೆದು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಗೀರಿದರು."

ಉಳಿ ಹೋಗಿ ಮೊದಲನೆಯದರ ಪಕ್ಕದಲ್ಲಿ ಕುಳಿತಿತು. "ನಿನ್ನನ್ನು ಮಾಡಿದವರು ಜಾಣರಪ್ಪ," ಎಂದು ಎರಡನೆಯದಕ್ಕೆ ಹೇಳಿತು. "ನಮ್ಮ ಮೇಸ್ತ್ರಿಗೆ ಜನ್ಮವಿಡೀ ಇಷ್ಟು ಅಚ್ಚುಕಟ್ಟಾಗಿ ಕೈ ಜಾರಿಸಲು ಬರಲೇ ಇಲ್ಲ."